ಕರೆದೊಯ್ದು ಕರೆತರುವ ವಿದ್ಯೆ

(ಮಕ್ಕಳ ಹೊರಸಂಚಾರಗಳನ್ನು ನಡೆಸುವ ಸ್ವಯಂಸೇವಕರ ಶಿಕ್ಷಣವನ್ನು ಕುರಿತು)

೧. ನಾಯಕ ಶಬ್ದದ ಅರ್ಥ

'ನಾಯಕ' ಎಂಬ ಶಬ್ದವು ಸಭೆ ಸಮಾರಂಭಗಳಲ್ಲಿ ಮಿತಿಯಿಲ್ಲದೆ ಬಳಕೆಯಾಗಿ, ಮುಂದೆ ನಿಂತು ಮಾತನಾಡುವವನು ಎಂಬಷ್ಟಕ್ಕೆ ಅದರ ಅರ್ಥವು ಸಂಕುಚಿತವಾಗಿದೆ. ಆದರೆ ಶಬ್ದಮೂಲವನ್ನು ವಿಚಾರಿಸಿದಾಗ ಬೇರೊಂದು ಅರ್ಥ ಗೋಚರಿಸುತ್ತದೆ. ಸಂಸ್ಕೃತದ 'ನೀ' ಧಾತುವಿನಿಂದ ನಿಷ್ಪನ್ನವಾದ ಈ ಪದಕ್ಕೆ ಒಯ್ಯುವವನು, ತಲಪಿಸುವವನು ಎಂಬುದೇ ಮೂಲಾರ್ಥ. ತನ್ನ ಹಿಂದೆ ಬಂದವರನ್ನು ತಲಪಬೇಕಾದಲ್ಲಿಗೆ ತಲಪಿಸಿದಾಗ ಮಾತ್ರ ಆ ಹೆಸರು ಒಬ್ಬನಿಗೆ ಸಲ್ಲುತ್ತದೆ. ಮಕ್ಕಳನ್ನು ಶಾಲೆಯ ಆವರಣದಿಂದ ಬೆಟ್ಟಕ್ಕೋ ಕಾಡಿಗೋ ಕಡಲತಡಿಗೋ ಕರೆದೊಯ್ಯುವವರ ವಿಷಯದಲ್ಲಿ ಈ ಅರ್ಥವು ಇನ್ನಷ್ಟು ಗುರುತರವಾಗುತ್ತದೆ. ಅವರು ತಲಪಬೇಕಾದ ಕೊನೆಯ ಸ್ಥಾನವು ಬೆಟ್ಟದ ತುದಿಯಾಗಿರದೆ, ಮಕ್ಕಳು ಹೊರಟುಬಂದ ಮನೆಯ ಹೊಸ್ತಿಲೇ ಆಗಿರುತ್ತದೆ.

ಇಂದು ನಮ್ಮ ನಾಡಿನ ಪ್ರೌಢಶಾಲೆಗಳಲ್ಲಿ ಬಾಲಚರ ದಳ, ಪರಿಸರ ಸಂಘ, ಶೈಕ್ಷಣಿಕ ಪ್ರವಾಸ, ಚಾರಣ, ಬೇಸಗೆಯ ಶಿಬಿರ ಮೊದಲಾದ ಚಟುವಟಿಕೆಗಳು ನಡೆಯುತ್ತಿರುವುದು ಸಂತೋಷದ ಸಂಗತಿ. ಪುಸ್ತಕದಲ್ಲಿ ಓದಿದ ಹೊಳೆಯನ್ನು ಕಣ್ಣಾರೆ ಕಂಡ ಬಾಲಕನ ಅರಿವೇ ಬೇರೆ. ಇಂತಹ ಸಂಚಾರಗಳನ್ನು ನಡೆಸುವವರಲ್ಲಿ ಬಹುಪಾಲು ಜನ ಸ್ವಯಂಸೇವಕರು: ರಜೆಯನ್ನು ತ್ಯಜಿಸಿ ಬರುವ ತರುಣ ಉಪಾಧ್ಯಾಯರು, ತಾವು ಕಲಿತ ಶಾಲೆಯ ಋಣವನ್ನು ತೀರಿಸಬಯಸುವ ಹಳೆಯ ವಿದ್ಯಾರ್ಥಿಗಳು, ಮಕ್ಕಳ ತಂದೆತಾಯಿಗಳು. ಇವರ ಸದ್ಭಾವನೆ ಪ್ರಶ್ನಾತೀತವಾದುದು. ಆದರೆ ಸದ್ಭಾವನೆಯೊಂದೇ ಸಾಕೆ? ಈ ಪ್ರಶ್ನೆಗೆ ಕಳೆದ ನೂರು ವರ್ಷಗಳ ಇತಿಹಾಸವು ನೀಡುವ ಉತ್ತರವನ್ನು ಪರಾಮರ್ಶಿಸುವುದು ಈ ಲೇಖನದ ಉದ್ದೇಶ.

೨. ದಳಗಳು ಮೊದಲು, ಶಿಕ್ಷಣ ಆಮೇಲೆ

ಇಂಗ್ಲೆಂಡಿನ ರಾಬರ್ಟ್ ಬೇಡನ್ ಪೊವೆಲ್ ಅವರು ೧೯೦೭ರ ಆಗಸ್ಟ್ ತಿಂಗಳಲ್ಲಿ ಬ್ರೌನ್‌ಸೀ ಎಂಬ ಪುಟ್ಟ ದ್ವೀಪದಲ್ಲಿ ಸುಮಾರು ಇಪ್ಪತ್ತು ಜನ ಬಾಲಕರೊಡನೆ ಒಂದು ಪ್ರಾಯೋಗಿಕ ಶಿಬಿರವನ್ನು ನಡೆಸಿದರು. ಸಿರಿವಂತರ ಮನೆಯ ಹುಡುಗರೂ ದುಡಿಯುವವರ ಮನೆಯ ಹುಡುಗರೂ ಅಲ್ಲಿ ಒಂದೇ ಡೇರೆಯಲ್ಲಿ ಮಲಗಿದರು. ಮರುವರ್ಷ ಅವರ ಪುಸ್ತಕ ಪ್ರಕಟವಾದೊಡನೆ ಬಾಲಚರ ಚಳವಳಿಯು ಕಾಡುಗಿಚ್ಚಿನಂತೆ ಹಬ್ಬಿತು. ಬಾಲಕರು ತಾವೇ ಗುಂಪು ಕಟ್ಟಿಕೊಂಡು, ಅನಂತರ ತಮಗೊಬ್ಬ ನಾಯಕನನ್ನು ಹುಡುಕಿಕೊಂಡರು. ಹೀಗೆ ಒದಗಿಬಂದ ಹಿರಿಯರಲ್ಲಿ ಉತ್ಸಾಹಕ್ಕೆ ಕೊರತೆಯಿರಲಿಲ್ಲ. ಈ ಕಾರ್ಯಕ್ಕೆಂದೇ ಅವರಿಗೆ ತರಬೇತಿ ನೀಡುವ ಸ್ಥಿರವಾದ ವ್ಯವಸ್ಥೆ ಇರಲಿಲ್ಲ.

೧೯೧೨ರ ಆಗಸ್ಟ್ ೪ರಂದು ಲಂಡನ್ನಿನ ವಾಲ್‌ವರ್ತ್ ಭಾಗದ ಬಾಲಚರರು ದೋಣಿಯಲ್ಲಿ ಲೇಸ್‌ಡೌನ್ ಎಂಬ ಕಡಲತೀರದ ಶಿಬಿರಕ್ಕೆ ಹೋಗುತ್ತಿದ್ದಾಗ ಗಾಳಿಗೆ ದೋಣಿ ಮಗುಚಿ ಒಂಬತ್ತು ಜನ ಬಾಲಕರು ಮಡಿದರು. ಇಡೀ ದೇಶವೇ ಅವರಿಗಾಗಿ ಕಣ್ಣೀರಿಟ್ಟಿತು. ಚಳವಳಿಗೆ ತನ್ನದೇ ಆದ ಶಿಕ್ಷಣ ಕೇಂದ್ರವು ದೊರೆತದ್ದು ೧೯೧೯ರಲ್ಲಿ. ಆ ವರ್ಷ ಲಂಡನ್ನಿನ ಹೊರವಲಯದ ಗಿಲ್ವೆಲ್ ಎಂಬ ತೋಟವು ಒಬ್ಬ ದಾನಿಯ ಔದಾರ್ಯದಿಂದ ಚಳವಳಿಯ ವಶವಾಗಿ, ಸೆಪ್ಟೆಂಬರ್ ತಿಂಗಳಲ್ಲಿ ದಳನಾಯಕರ ಪ್ರಥಮ ಶಿಕ್ಷಣ ಶಿಬಿರವು ಅಲ್ಲಿ ನಡೆಯಿತು. ಅಲ್ಲಿ ವಯಸ್ಕರು ಬಾಲಕರಂತೆಯೇ ತಂಡಗಳಾಗಿ ಡೇರೆಗಳಲ್ಲಿ ವಾಸಿಸಿ, ಒಲೆ ಹೂಡಿ, ಗಂಟು ಕಟ್ಟಿ, ದಾರಿ ಹುಡುಕಿ ಕಲಿಯಬೇಕಾಗಿತ್ತು. ಶಿಕ್ಷಣ ಪೂರೈಸಿದವರಿಗೆ ದೊರೆಯುತ್ತಿದ್ದ ಚಿಹ್ನೆಯಾದರೂ ಎಂತಹುದು? ತೊಗಲಿನ ದಾರದಲ್ಲಿ ಪೋಣಿಸಿದ ಎರಡು ಮರದ ಮಣಿಗಳು.

ನಮ್ಮ ದೇಶದಲ್ಲಿ ಬಾಲಚರ ದಳವು ಮೊದಲು ಕಾಲಿಟ್ಟದ್ದು ೧೯೦೯ರಲ್ಲಿ, ಬೆಂಗಳೂರಿನಲ್ಲಿ ಎಂಬುದು ಕನ್ನಡಿಗರು ಸ್ಮರಿಸತಕ್ಕ ವಿಷಯ. ಸ್ವಾತಂತ್ರ್ಯಾನಂತರ ೧೯೫೦ರ ನವೆಂಬರ್ ೭ರಂದು ಭಾರತ್ ಸ್ಕೌಟ್ಸ್ ಅಂಡ್ ಗೈಡ್ಸ್ ಸಂಸ್ಥೆಯು ರೂಪುಗೊಂಡಿತು. ಮಧ್ಯಪ್ರದೇಶದ ಪಚ್‌ಮಢಿಯಲ್ಲಿ ಅದರ ರಾಷ್ಟ್ರೀಯ ತರಬೇತಿ ಕೇಂದ್ರವಿದೆ. ಮೊದಲು ಬೇಸಿಕ್, ಬಳಿಕ ಅಡ್ವಾನ್ಸ್ಡ್, ಕೊನೆಗೆ ಹಿಮಾಲಯ ವುಡ್ ಬ್ಯಾಡ್ಜ್ ಎಂಬ ಮೆಟ್ಟಿಲುಗಳಲ್ಲಿ ಅಲ್ಲಿ ನಾಯಕರ ಶಿಕ್ಷಣವು ಸಾಗುತ್ತದೆ. ಸಂಗೀತವನ್ನೋ ವ್ಯಾಕರಣವನ್ನೋ ಕಲಿಯುವವನು ಮೆಟ್ಟಿಲೇರಿ ಬರಬೇಕೆಂಬುದನ್ನು ಒಪ್ಪುವ ಸಮಾಜವು, ನಲವತ್ತು ಮಕ್ಕಳ ಪ್ರಾಣಕ್ಕೆ ಹೊಣೆಯಾಗುವವನು ಒಂದೂ ಮೆಟ್ಟಿಲನ್ನು ಹತ್ತದೆ ಬಂದರೆ ಏಕೆ ಸುಮ್ಮನಿರಬೇಕು?

೩. ದುರಂತಗಳು ಕಲಿಸಿದ ಪಾಠ

ಈ ಪ್ರಶ್ನೆಯ ಗಾಂಭೀರ್ಯವನ್ನು ಅರಿಯಲು ಹೊರನಾಡಿನ ಎರಡು, ನಮ್ಮ ದೇಶದ ಎರಡು ಘಟನೆಗಳನ್ನು ಅವಲೋಕಿಸಬಹುದು. ಮೃತರನ್ನು ಸ್ಮರಿಸುವಾಗ ದೂಷಣೆಗಿಂತ ಪಾಠವನ್ನು ಅರಸುವುದು ಉಚಿತ.

೧೯೭೧ರ ನವೆಂಬರ್ ತಿಂಗಳಲ್ಲಿ ಸ್ಕಾಟ್ಲೆಂಡಿನ ಕೇರ್ನ್‌ಗಾರ್ಮ್ ಪರ್ವತಗಳಿಗೆ ಎಡಿನ್‌ಬರೋ ನಗರದ ಶಾಲಾ ಮಕ್ಕಳ ತಂಡವೊಂದು ಹೋಯಿತು. ಬಲವುಳ್ಳವರದೊಂದು, ಅನುಭವ ಕಡಿಮೆಯಿದ್ದವರದೊಂದು ಎಂದು ತಂಡವನ್ನು ಎರಡಾಗಿ ವಿಂಗಡಿಸಲಾಯಿತು. ಎರಡನೆಯ ಗುಂಪಿನ ಹೊಣೆ ಇಪ್ಪತ್ತರ ಆಸುಪಾಸಿನ ತರುಣಿಯೊಬ್ಬಳ ಮೇಲೆ ಬಿದ್ದಿತು. ಅವಳ ಸಹಾಯಕಿಗೆ ಹದಿನೆಂಟು ವರ್ಷ. ಎತ್ತರದಲ್ಲಿದ್ದ ತಂಗುಮನೆಯೊಂದನ್ನು ತಲಪುವುದು ಯೋಜನೆ. ಹಿಮದ ಬಿರುಗಾಳಿಯಲ್ಲಿ ಆ ಗುಂಪು ತಂಗುಮನೆಯನ್ನು ತಲಪಲಾರದೆ ಬಯಲಿನಲ್ಲೇ ರಾತ್ರಿಗಳನ್ನು ಕಳೆಯಿತು. ಐವರು ವಿದ್ಯಾರ್ಥಿಗಳೂ ಆ ಸಹಾಯಕಿಯೂ ಅಸುನೀಗಿದರು. ತಂಗುಮನೆಯಿದೆ ಎಂಬ ಭರವಸೆಯೇ ಜನರನ್ನು ಅಪಾಯದ ಎತ್ತರಕ್ಕೆ ಸೆಳೆಯುತ್ತದೆಂಬ ವಾದವು ಬಲಗೊಂಡು ತರುವಾಯ ಅದನ್ನು ಕೆಡವಲಾಯಿತು. ಗಮ್ಯದ ಮೇಲಣ ಹಟವು ಹೇಗೆ ಮುಳುವಾಗಬಲ್ಲುದೆಂಬುದಕ್ಕೆ ಇದು ನಿದರ್ಶನ.

೧೯೯೩ರ ಮಾರ್ಚ್ ೨೨ರಂದು ಇಂಗ್ಲೆಂಡಿನ ಲೈಮ್ ಕೊಲ್ಲಿಯಲ್ಲಿ, ಖಾಸಗಿ ಸಾಹಸ ಕೇಂದ್ರವೊಂದರ ಆಶ್ರಯದಲ್ಲಿ ಕಿರುದೋಣಿಗಳನ್ನು ನಡೆಸುತ್ತಿದ್ದ ವಿದ್ಯಾರ್ಥಿಗಳಲ್ಲಿ ನಾಲ್ವರು ಮೃತರಾದರು. ಜೊತೆಗಿದ್ದ ಇಬ್ಬರು ಬೋಧಕರ ಅರ್ಹತೆ ತೀರ ಪ್ರಾಥಮಿಕವಾದುದು. ದಡದಿಂದ ಬೀಸಿದ ಗಾಳಿ ದೋಣಿಗಳನ್ನು ಕಡಲೊಳಕ್ಕೆ ತಳ್ಳಿತು. ಸಂಕಟವನ್ನು ಸೂಚಿಸುವ ಬಾಣಬಿರುಸುಗಳು ಅವರ ಬಳಿ ಇರಲಿಲ್ಲ. ತಂಡವು ಹೊತ್ತಿಗೆ ಸರಿಯಾಗಿ ಬಾರದಿದ್ದರೂ ರಕ್ಷಣಾಪಡೆಗೆ ಸುದ್ದಿ ಮುಟ್ಟಿದ್ದು ಬಹಳ ತಡವಾಗಿ. ಅದಕ್ಕಿಂತ ಮನ ಕಲಕುವ ಸಂಗತಿಯೆಂದರೆ, ಆ ಕೇಂದ್ರವನ್ನು ಬಿಟ್ಟುಹೋಗಿದ್ದ ಬೋಧಕರು ಸುರಕ್ಷತೆಯ ಕೊರತೆಗಳನ್ನು ಕುರಿತು ಮೊದಲೇ ಎಚ್ಚರಿಕೆಯ ಪತ್ರ ಬರೆದಿದ್ದರು. ಈ ದುರಂತದ ಫಲವಾಗಿ ೧೯೯೫ರಲ್ಲಿ ಬ್ರಿಟನ್ನಿನಲ್ಲಿ ಸಾಹಸ ಕೇಂದ್ರಗಳಿಗೆ ಪರವಾನಗಿಯನ್ನು ವಿಧಿಸುವ ಶಾಸನವು ಜಾರಿಗೆ ಬಂದಿತು. ಇಲ್ಲೊಂದು ಅಂಶವು ಗಮನಾರ್ಹ. ತಮ್ಮ ಸದಸ್ಯರಿಗಾಗಿಯೇ ಚಟುವಟಿಕೆ ನಡೆಸುವ ಸ್ವಯಂಸೇವಾ ಸಂಘಗಳಿಗೂ ತಮ್ಮ ವಿದ್ಯಾರ್ಥಿಗಳನ್ನು ಕರೆದೊಯ್ಯುವ ಶಾಲೆಗಳಿಗೂ ಆ ಪರವಾನಗಿಯಿಂದ ವಿನಾಯಿತಿ ದೊರೆಯಿತು. ಶಾಸನವು ನಂಬಿ ಬಿಟ್ಟ ಸ್ಥಳದಲ್ಲಿ ಆತ್ಮಶಿಕ್ಷಣವೇ ಶಾಸನವಾಗಬೇಕು.

ಇನ್ನು ನಮ್ಮ ದೇಶದ ಘಟನೆಗಳು. ೨೦೧೪ರ ಜೂನ್ ೮ರಂದು ಹಿಮಾಚಲ ಪ್ರದೇಶದ ಮಂಡಿ ಜಿಲ್ಲೆಯ ಥಲೋಟ್ ಎಂಬಲ್ಲಿ ಹೈದರಾಬಾದಿನಿಂದ ಪ್ರವಾಸ ಹೋಗಿದ್ದ ತಾಂತ್ರಿಕ ವಿದ್ಯಾರ್ಥಿಗಳು ಬಿಯಾಸ್ ನದಿಯ ಬಂಡೆಗಳ ಮೇಲೆ ನಿಂತು ಛಾಯಾಚಿತ್ರ ತೆಗೆದುಕೊಳ್ಳುತ್ತಿದ್ದರು. ಮೇಲ್ಭಾಗದ ಲಾರ್ಜಿ ಅಣೆಕಟ್ಟಿನಿಂದ ಬಿಟ್ಟ ನೀರು ಹಠಾತ್ತಾಗಿ ಏರಿ ೨೪ ವಿದ್ಯಾರ್ಥಿಗಳನ್ನೂ ಒಬ್ಬ ಪ್ರವಾಸ ನಿರ್ವಾಹಕನನ್ನೂ ಕೊಚ್ಚಿಕೊಂಡು ಹೋಯಿತು. ಆಕಾಶದಲ್ಲಿ ಮೋಡವಿಲ್ಲದಿದ್ದರೂ ಹೊಳೆಗೆ ನೆರೆ ಬರಬಹುದೆಂಬ ತಿಳಿವಳಿಕೆ ಸ್ಥಳೀಯರಿಗೆ ಸಹಜವಾಗಿರುತ್ತದೆ. ದೂರದಿಂದ ಬಂದವನು ಅದನ್ನು ಕೇಳಿಯೇ ತಿಳಿಯಬೇಕು. ೨೦೨೪ರ ಡಿಸೆಂಬರ್ ೧೦ರಂದು ನಮ್ಮ ಮುರುಡೇಶ್ವರದ ಕಡಲಿನಲ್ಲಿ ಕೋಲಾರ ಜಿಲ್ಲೆಯ ವಸತಿ ಶಾಲೆಯೊಂದರ ನಾಲ್ವರು ಬಾಲಕಿಯರು ಅಲೆಗಳ ಪಾಲಾದರು. ಬಯಲುಸೀಮೆಯ ಮಗುವಿಗೆ ಕಡಲು ಒಂದು ವಿಸ್ಮಯ. ಅಲೆಯು ದಡಕ್ಕೆ ಬಂದಂತೆಯೇ ಹಿಂದಕ್ಕೂ ಎಳೆಯುತ್ತದೆಂಬುದನ್ನು ಆ ಮಗುವಿಗೆ ಮೊದಲೇ ಹೇಳಬೇಕಾದವರು ಜೊತೆಗಿರುವ ಹಿರಿಯರು.

ಈ ನಾಲ್ಕು ಘಟನೆಗಳ ಸ್ಥಳ ಬೇರೆ, ಕಾಲ ಬೇರೆ. ಆದರೆ ಒಂದು ಸಮಾನಧರ್ಮವು ಎದ್ದು ಕಾಣುತ್ತದೆ. ಅಪಾಯವನ್ನು ತಪ್ಪಿಸಬಹುದಾಗಿದ್ದ ಗಳಿಗೆಯು ಅಪಾಯದ ಗಳಿಗೆಗಿಂತ ಬಹಳ ಮೊದಲೇ ಬಂದು ಹೋಗಿತ್ತು. ನೀರು ಏರಿದ ಮೇಲೆ ನಾಯಕನ ಶೌರ್ಯವು ಅಷ್ಟಾಗಿ ಪ್ರಯೋಜನಕ್ಕೆ ಬಾರದು. ಮನೆಗೆ ಬೆಂಕಿ ಬಿದ್ದಾಗ ಬಾವಿ ತೋಡಿದಂತೆ ಎಂಬ ಗಾದೆಯು ಇಲ್ಲಿ ಅಕ್ಷರಶಃ ಸತ್ಯ.

೪. ಕಲಿಯತಕ್ಕ ವಿಷಯಗಳು

ಸ್ವಯಂಸೇವಕ ನಾಯಕನು ಕಲಿಯತಕ್ಕ ವಿಷಯಗಳನ್ನು ಐದಾಗಿ ವಿಂಗಡಿಸಬಹುದು.

ಮೊದಲನೆಯದು ಪೂರ್ವದರ್ಶನ. ಮಕ್ಕಳನ್ನು ಕರೆದೊಯ್ಯುವ ಸ್ಥಳವನ್ನು ನಾಯಕನು ಅದೇ ಋತುವಿನಲ್ಲಿ, ಸಾಧ್ಯವಾದರೆ ಅದೇ ಹೊತ್ತಿನಲ್ಲಿ, ಮೊದಲೇ ನಡೆದು ನೋಡಿರತಕ್ಕದ್ದು. ಕುಡಿಯುವ ನೀರೆಲ್ಲಿ, ನೆರಳೆಲ್ಲಿ, ವಾಹನ ಎಲ್ಲಿಯವರೆಗೆ ಬರುತ್ತದೆ, ದೂರವಾಣಿಯ ಸಂಕೇತ ಎಲ್ಲಿ ಸಿಗುತ್ತದೆ, ಹತ್ತಿರದ ಯಾವ ಆಸ್ಪತ್ರೆಯಲ್ಲಿ ಹಾವಿನ ವಿಷಕ್ಕೆ ಮದ್ದಿದೆ ಎಂಬುದನ್ನು ಬರೆದಿಟ್ಟುಕೊಳ್ಳಬೇಕು. ಬೆಸ್ತರನ್ನು, ದನಗಾಹಿಗಳನ್ನು, ಅರಣ್ಯ ರಕ್ಷಕರನ್ನು ವಿಚಾರಿಸುವುದೂ ಪೂರ್ವದರ್ಶನದ ಅಂಗವೇ. ಮಲೆನಾಡಿನ ಕಾಡುಗಳಿಗೆ ಹೋಗುವವರು ೧೯೫೭ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರಿನಲ್ಲಿ ಪತ್ತೆಯಾದ ಮಂಗನ ಕಾಯಿಲೆಯ ವಿಷಯವನ್ನು ಅಲ್ಲಿನ ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ಕೇಳಿ ತಿಳಿಯಬೇಕು. ಉಣ್ಣೆಗಳ ಮೂಲಕ ಹರಡುವ ಈ ರೋಗವು ಚಳಿಗಾಲ ಮತ್ತು ಬೇಸಗೆಗಳಲ್ಲಿ, ಎಂದರೆ ಪ್ರವಾಸದ ದಿನಗಳಲ್ಲಿಯೇ, ಹೆಚ್ಚಾಗಿ ಕಾಣಿಸಿಕೊಳ್ಳುತ್ತದೆ.

ಎರಡನೆಯದು ಗಣನೆ. ತಲೆ ಎಣಿಸುವುದು ಕ್ಷುಲ್ಲಕವಾದ ಕೆಲಸವೆಂದು ಭಾವಿಸಬಾರದು. ಬಸ್ಸು ಹತ್ತುವಾಗ, ಇಳಿಯುವಾಗ, ನೀರಿನ ಬಳಿ ಹೋಗುವಾಗ, ಬರುವಾಗ ಎಣಿಸಬೇಕು. ಆರರಿಂದ ಎಂಟು ಮಕ್ಕಳಿಗೆ ಒಂದು ತಂಡ, ತಂಡದೊಳಗೆ ಇಬ್ಬಿಬ್ಬರ ಜೋಡಿ ಎಂಬ ಬಾಲಚರರ ಪದ್ಧತಿಯಲ್ಲಿ ಕಾಣೆಯಾದ ಮಗುವಿನ ಅರಿವು ಕ್ಷಣಮಾತ್ರದಲ್ಲಿ ಉಂಟಾಗುತ್ತದೆ. ಪ್ರತಿಯೊಂದು ಮಗುವಿಗೂ ಇರುವ ಉಬ್ಬಸ, ಅಪಸ್ಮಾರ, ಒಗ್ಗದ ಆಹಾರ, ಸೇವಿಸುವ ಔಷಧಿ ಇವುಗಳ ಪಟ್ಟಿ ಒಂದು ನಾಯಕನ ಬಳಿ, ಇನ್ನೊಂದು ಶಾಲೆಯಲ್ಲಿ ಇರಬೇಕು. ಇಂತಿಷ್ಟು ಹೊತ್ತಿಗೆ ಸುದ್ದಿ ಬಾರದಿದ್ದರೆ ವಿಚಾರಣೆ ಆರಂಭಿಸತಕ್ಕವರು ಶಾಲೆಯಲ್ಲೊಬ್ಬರು ನಿಯುಕ್ತರಾಗಿರಬೇಕು. ಲೈಮ್ ಕೊಲ್ಲಿಯಲ್ಲಿ ವ್ಯರ್ಥವಾಗಿ ಕಳೆದುಹೋದ ಗಂಟೆಗಳು ಇದನ್ನೇ ಸಾರುತ್ತವೆ.

ಮೂರನೆಯದು ಪ್ರಥಮ ಚಿಕಿತ್ಸೆ. ಇಲ್ಲಿ ಕಲಿಯುವುದಕ್ಕಿಂತ ಮರೆಯಬೇಕಾದದ್ದೇ ಹೆಚ್ಚು. ಹಾವು ಕಚ್ಚಿದ ಕಡೆ ಕೊಯ್ಯುವುದು, ಬಾಯಿಂದ ಹೀರುವುದು, ಹಗ್ಗದಿಂದ ಬಿಗಿಯಾಗಿ ಕಟ್ಟುವುದು ಇವೆಲ್ಲವೂ ಹಾನಿಕರವೆಂದು ವೈದ್ಯಶಾಸ್ತ್ರವು ನಿರ್ಣಯಿಸಿದೆ. ಮಗುವಿಗೆ ಧೈರ್ಯ ಹೇಳಿ, ನಡೆಯಗೊಡದೆ, ಕಚ್ಚಿದ ಅಂಗವನ್ನು ಮುರಿದ ಮೂಳೆಗೆ ದಬ್ಬೆ ಕಟ್ಟುವಂತೆ ಅಲುಗದಂತೆ ಇರಿಸಿ, ಆಸ್ಪತ್ರೆಗೆ ಒಯ್ಯುವುದೇ ಸರಿಯಾದ ಕ್ರಮ. ಕಟ್ಟುಹಾವು ರಾತ್ರಿಯ ಹೊತ್ತು ನೆಲದಲ್ಲಿ ಮಲಗಿದವರನ್ನು ನೋವೇ ಆಗದಂತೆ ಕಚ್ಚಬಲ್ಲುದಾದ್ದರಿಂದ ಶಿಬಿರಗಳಲ್ಲಿ ಸೊಳ್ಳೆಪರದೆಯನ್ನು ಹಾಸಿಗೆಯ ಕೆಳಗೆ ಸಿಕ್ಕಿಸಿ ಮಲಗಿಸುವುದು ಶ್ರೇಯಸ್ಕರ. ಗುಡುಗು ಕೇಳಿದೊಡನೆ ಒಂಟಿ ಮರವನ್ನೂ ಬಯಲನ್ನೂ ಬಿಟ್ಟು ಕಟ್ಟಡ ಅಥವಾ ವಾಹನದೊಳಗೆ ಸೇರಬೇಕು. ಕೊನೆಯ ಗುಡುಗಿನ ಬಳಿಕ ಅರ್ಧ ಗಂಟೆ ಅಲ್ಲಿಯೇ ಇರಬೇಕು. ಮುಳುಗುತ್ತಿರುವ ಮಗು ಬಹಳ ವೇಳೆ ಕೂಗುವುದೇ ಇಲ್ಲ, ಸದ್ದಿಲ್ಲದೆ ಮುಳುಗುತ್ತದೆ. ಅದನ್ನು ಕಂಡೊಡನೆ ನೀರಿಗೆ ಧುಮುಕುವವನು ಎರಡನೆಯ ಬಲಿಯಾಗುವ ಸಂಭವವೇ ಹೆಚ್ಚು. ಕೂಗಿ ಜನರನ್ನು ಕರೆಯಬೇಕು. ಬಿದಿರನ್ನೋ ಪಂಚೆಯನ್ನೋ ಚಾಚಬೇಕು. ಹಗ್ಗವನ್ನೋ ತೇಲುವ ಖಾಲಿ ಕ್ಯಾನನ್ನೋ ಎಸೆಯಬೇಕು. ಇವುಗಳನ್ನು ಕೇಳಿ ತಿಳಿದರೆ ಸಾಲದು, ಕೈಗೆ ಅಭ್ಯಾಸವಾಗಬೇಕು. ೧೦೮ ಮತ್ತು ೧೧೨ ಎಂಬ ತುರ್ತು ಸಂಖ್ಯೆಗಳು ಪ್ರತಿಯೊಬ್ಬ ನಾಯಕನಿಗೂ ಕಂಠಸ್ಥವಾಗಿರಬೇಕು.

ನಾಲ್ಕನೆಯದು ಮರ್ಯಾದೆಯ ರಕ್ಷಣೆ. ಅಪಾಯವು ನೀರಿನಿಂದಲೂ ಹಾವಿನಿಂದಲೂ ಮಾತ್ರ ಬರುವುದಿಲ್ಲ; ನಂಬಿದ ಮನುಷ್ಯನಿಂದಲೂ ಬರಬಹುದೆಂಬ ಕಹಿಸತ್ಯವನ್ನು ಮುಚ್ಚಿಡಲಾಗದು. ಆದಕಾರಣ ಯಾವ ವಯಸ್ಕನೂ ಒಂದು ಮಗುವಿನೊಡನೆ ಏಕಾಂತದಲ್ಲಿರಬಾರದು. ಹಿರಿಯರು ಇಬ್ಬರಿಗೆ ಕಡಿಮೆಯಿಲ್ಲದಂತೆ ಸದಾ ಇರಬೇಕು. ಹಿರಿಯರ ಮತ್ತು ಮಕ್ಕಳ ಶಯನಸ್ಥಾನಗಳು ಬೇರೆಯಾಗಿರಬೇಕು. ಬಾಲಕಿಯರಿರುವ ತಂಡದಲ್ಲಿ ಮಹಿಳಾ ನಾಯಕಿಯರು ಇರಲೇಬೇಕು. ಈ ನಿಯಮಗಳು ಸಜ್ಜನರ ಮೇಲಣ ಸಂದೇಹವೆಂದು ಯಾರೂ ನೊಂದುಕೊಳ್ಳಬೇಕಾಗಿಲ್ಲ. ಎಲ್ಲರಿಗೂ ಸಮಾನವಾದ ನಿಯಮವು ಮಗುವನ್ನು ಕಾಯುವಂತೆಯೇ ಸಜ್ಜನನ ಹೆಸರನ್ನೂ ಕಾಯುತ್ತದೆ. ೨೦೧೨ರ ಪೋಕ್ಸೋ ಶಾಸನದ ಪ್ರಕಾರ ಇಂತಹ ಅಪರಾಧದ ಸುಳಿವು ತಿಳಿದವರು ಅದನ್ನು ಪೊಲೀಸರಿಗೆ ತಿಳಿಸುವುದು ಕಡ್ಡಾಯ. ಸಂಸ್ಥೆಯ ಗೌರವದ ನೆಪದಲ್ಲಿ ಮುಚ್ಚಿಡುವುದು ಸ್ವತಃ ಶಿಕ್ಷಾರ್ಹ.

ಐದನೆಯದು, ಎಲ್ಲಕ್ಕಿಂತ ಕಠಿಣವಾದುದು, ಹಿಂತಿರುಗುವ ವಿದ್ಯೆ. ಮಕ್ಕಳು ತಿಂಗಳುಗಟ್ಟಲೆ ಕನಸು ಕಂಡಿರುತ್ತಾರೆ, ಹಣ ವೆಚ್ಚವಾಗಿರುತ್ತದೆ, ತುದಿಯು ಕಣ್ಣಳತೆಯಲ್ಲೇ ಇರುತ್ತದೆ. ಆಗ ಮೋಡ ಕವಿದದ್ದನ್ನು ಕಂಡು "ಇಲ್ಲಿಂದ ಮರಳೋಣ" ಎನ್ನುವುದಕ್ಕೆ ಹತ್ತುವುದಕ್ಕಿಂತ ಹೆಚ್ಚಿನ ಧೈರ್ಯ ಬೇಕು. ಈ ಧೈರ್ಯವು ಆ ಗಳಿಗೆಯಲ್ಲಿ ತಾನಾಗಿ ಹುಟ್ಟುವುದಿಲ್ಲ. ಎಷ್ಟು ಗಂಟೆಗೆ ಎಲ್ಲಿದ್ದರೂ ಮರಳತಕ್ಕದ್ದು, ಯಾವ ಲಕ್ಷಣ ಕಂಡರೆ ನೀರಿಗಿಳಿಯಕೂಡದು ಎಂಬುದನ್ನು ಹೊರಡುವ ಮುನ್ನವೇ ನಿಶ್ಚಯಿಸಿ, ಮಕ್ಕಳಿಗೂ ಅವರ ತಂದೆತಾಯಿಗಳಿಗೂ ತಿಳಿಸಿರಬೇಕು. ಹಾಗೆ ಮರಳಿದ ನಾಯಕನನ್ನು ಶಾಲೆಯು ಹಾಸ್ಯ ಮಾಡದೆ ಆದರಿಸಬೇಕು. ತಂಡದಲ್ಲಿ ಅತ್ಯಂತ ಕಿರಿಯ ಸ್ವಯಂಸೇವಕನಿಗೂ "ಬೇಡ" ಎಂದು ಹೇಳುವ ಅಧಿಕಾರವಿರಬೇಕು. ಅವನ ಮಾತಿಗೆ ಹಿರಿಯರು ಕಿವಿಗೊಡಬೇಕು. ಎಚ್ಚರಿಕೆಯ ಪತ್ರವು ಓದದೆ ಉಳಿಯುವ ಸಂಸ್ಥೆಯಲ್ಲಿ ಉಪಕರಣಗಳಿಂದ ಪ್ರಯೋಜನವಿಲ್ಲ.

೫. ಕಲಿಸುವ ಕ್ರಮ

ಇವೆಲ್ಲವನ್ನೂ ಒಂದು ದಿನದ ಉಪನ್ಯಾಸದಲ್ಲಿ ಹೇಳಿ ಪ್ರಮಾಣಪತ್ರ ಹಂಚುವುದು ಶಿಕ್ಷಣವೆನಿಸದು. ಹಿಂದೆ ಗುರುಕುಲದಲ್ಲಿ ಶಿಷ್ಯನು ಮೊದಲು ಕೇಳಿ, ಬಳಿಕ ಗುರುವಿನೊಡನೆ ಹೇಳಿ, ಕೊನೆಗೆ ಗುರುವಿನ ಎದುರಿನಲ್ಲಿ ತಾನೊಬ್ಬನೇ ಹೇಳಿ ಒಪ್ಪಿಸುತ್ತಿದ್ದನು. ಹೊರಸಂಚಾರದ ನಾಯಕನಿಗೂ ಅದೇ ಕ್ರಮವು ಯೋಗ್ಯವಾದುದು. ಮೊದಲ ಸಂಚಾರದಲ್ಲಿ ಅವನು ಅನುಯಾಯಿ. ಎರಡನೆಯದರಲ್ಲಿ ಒಂದು ತಂಡದ ಸಹಾಯಕ. ಮೂರನೆಯದರಲ್ಲಿ, ಅನುಭವಿಯೊಬ್ಬರು ಹಿಂದೆ ನಡೆದು ನೋಡುತ್ತಿರುವಾಗ, ನಾಯಕ. ಪ್ರತಿಯೊಂದು ಸಂಚಾರ ಮುಗಿದ ಮೇಲೆ ಎಲ್ಲರೂ ಕುಳಿತು, ಎಲ್ಲಿ ಎಡವಿದೆವು, ಯಾವ ಅಪಾಯ ಕೂದಲೆಳೆಯಲ್ಲಿ ತಪ್ಪಿತು ಎಂಬುದನ್ನು ಮುಚ್ಚುಮರೆಯಿಲ್ಲದೆ ಬರೆದಿಡತಕ್ಕದ್ದು. ಆ ಪುಸ್ತಕವೇ ಮುಂದಿನವರಿಗೆ ಪಠ್ಯವಾಗುತ್ತದೆ. ಕಾಡು, ಬಂಡೆ, ಜಲಕ್ರೀಡೆಗಳಂತಹ ವಿಶೇಷ ವಿಷಯಗಳಿಗೆ ರಾಜ್ಯದ ಜನರಲ್ ತಿಮ್ಮಯ್ಯ ರಾಷ್ಟ್ರೀಯ ಸಾಹಸ ಅಕಾಡೆಮಿಯಂತಹ ಸಂಸ್ಥೆಗಳ ನೆರವನ್ನು ಕೋರಬಹುದು. ನಾಯಕನು ಕಲಿಯದ ವಿಷಯಕ್ಕೆ ಮಕ್ಕಳನ್ನು ಒಡ್ಡಕೂಡದೆಂಬುದು ಸಾರ್ವಕಾಲಿಕ ನಿಯಮ.

ಇಷ್ಟೆಲ್ಲ ಕಟ್ಟುಪಾಡು ವಿಧಿಸಿದರೆ ಸಾಹಸದ ಸೊಗಸೇ ಹೋಗುವುದಿಲ್ಲವೆ ಎಂದು ಕೆಲವರು ಆಕ್ಷೇಪಿಸಬಹುದು. ವಾಸ್ತವವು ಇದಕ್ಕೆ ವಿರುದ್ಧವಾಗಿದೆ. ಒಂದು ಅವಘಡ ಸಂಭವಿಸಿದ ಮರುದಿನವೇ ಎಷ್ಟೋ ಶಾಲೆಗಳು ಪ್ರವಾಸಗಳನ್ನು ನಿಲ್ಲಿಸಿಬಿಡುತ್ತವೆ. ಆಗ ನಷ್ಟವಾಗುವುದು ಬೆಟ್ಟವನ್ನೇ ಕಾಣದೆ ಬೆಳೆಯುವ ಮಗುವಿಗೆ. ಅಶಿಕ್ಷಿತ ಉತ್ಸಾಹ ಮತ್ತು ಭಯದ ನಿಷೇಧ ಇವೆರಡರ ನಡುವೆ ಮಕ್ಕಳಿಗೆ ಹೊರಗಿನ ಲೋಕವನ್ನು ತೆರೆದಿಡಬಲ್ಲ ದಾರಿಯೆಂದರೆ ಶಿಕ್ಷಿತ ನಾಯಕತ್ವವೊಂದೇ.

೬. ಉಪಸಂಹಾರ

ವಿದ್ಯಾಸಂಸ್ಥೆಗೆ ನೆರವಾಗುವ ಮಹನೀಯರು ಕೊಠಡಿಯನ್ನೋ ಗ್ರಂಥಾಲಯವನ್ನೋ ಕಟ್ಟಿಸಿಕೊಡುವುದು ಸ್ತುತ್ಯವಾದ ಸಂಪ್ರದಾಯ. ಅದರೊಡನೆ ಪ್ರತಿವರ್ಷ ನಾಲ್ವರು ಸ್ವಯಂಸೇವಕರ ತರಬೇತಿಯ ವೆಚ್ಚ, ಒಂದು ಉತ್ತಮ ಪ್ರಥಮ ಚಿಕಿತ್ಸಾ ಪೆಟ್ಟಿಗೆ, ಮಕ್ಕಳ ಅಳತೆಯ ಜೀವರಕ್ಷಕ ಜಾಕೆಟ್ಟುಗಳು, ಗಟ್ಟಿಯಾದ ಹಗ್ಗ ಇವುಗಳಿಗೂ ದಾನದಲ್ಲಿ ಒಂದು ಭಾಗ ದೊರೆಯುವಂತಾದರೆ ಅದು ಕಣ್ಣಿಗೆ ಕಾಣದಿದ್ದರೂ ಮಹತ್ತರವಾದ ಕಟ್ಟಡವೆನಿಸೀತು. ಹಳೆಯ ವಿದ್ಯಾರ್ಥಿಗಳಲ್ಲಿ ವೈದ್ಯರಿದ್ದಾರೆ, ದಾದಿಯರಿದ್ದಾರೆ, ಅರಣ್ಯ ಮತ್ತು ಅಗ್ನಿಶಾಮಕ ಇಲಾಖೆಗಳಲ್ಲಿ ದುಡಿಯುವವರಿದ್ದಾರೆ, ಈಜುಬಲ್ಲ ಬೆಸ್ತರ ಮಕ್ಕಳಿದ್ದಾರೆ. ವರ್ಷಕ್ಕೆ ಎರಡು ದಿನ ಬಂದು ತಾವು ಬಲ್ಲುದನ್ನು ಕಲಿಸಿದರೆ ಶಾಲೆಯ ಋಣವು ಅರ್ಥಪೂರ್ಣವಾಗಿ ಸಂದಾಯವಾಗುತ್ತದೆ. ಉಪಾಧ್ಯಾಯರಾದರೋ ಅರ್ಹತೆಯಿಲ್ಲದೆ ಹೊಣೆ ಹೊರಲು ಒತ್ತಾಯ ಬಂದಾಗ ವಿನಯದಿಂದ ನಿರಾಕರಿಸಿ, ಮೊದಲು ಕಲಿಯಲು ಅವಕಾಶ ಕೇಳುವುದು ಅವರ ಹಕ್ಕೂ ಹೌದು, ಧರ್ಮವೂ ಹೌದು.

ತಂದೆತಾಯಿಗಳು ಮಗುವಿನ ಚೀಲಕ್ಕೆ ಬುತ್ತಿ ಕಟ್ಟಿ, ಬೆಳಗಿನ ಜಾವ ಶಾಲೆಯ ಬಾಗಿಲಿನವರೆಗೆ ಬಂದು, "ಜೋಪಾನ ಮೇಷ್ಟ್ರೇ" ಎಂದಷ್ಟೇ ಹೇಳಿ ಹಿಂತಿರುಗುತ್ತಾರೆ. ಆ ಒಂದು ಮಾತಿನಲ್ಲಿ ಅವರು ತಮ್ಮ ಸರ್ವಸ್ವವನ್ನೂ ಒಪ್ಪಿಸಿರುತ್ತಾರೆ. ಸಂಜೆ ಅದೇ ಬಾಗಿಲಿನಲ್ಲಿ ನಿಂತು ಎಣಿಸಿದಾಗ ಬೆಳಗಿನ ಸಂಖ್ಯೆಯೇ ದೊರೆಯುವಂತೆ ಮಾಡುವ ವಿದ್ಯೆಯನ್ನು ಸಂಪಾದಿಸಿದವನೇ ನಾಯಕನೆಂಬ ಹೆಸರಿಗೆ ಭಾಜನನು.